ಹದಿನೇಳನೇ ಗೂಡಿನ ಗೀಟುಗಳು

ಜೂನ್ 3, ಸೋಮವಾರ

ಬಂದು ಮುಟ್ಟಿದ್ದಾಯಿತು. ಎರಡು ವಿಮಾನ, ಒಂದು ಬಸ್ಸು, ಕೊನೆಗೊಂದು ದೋಣಿ. ದೋಣಿಯಿಂದ ಇಳಿಯುವಾಗ ಒಂದು ಚಪ್ಪಲಿ ಸಮುದ್ರದ ಪಾಲಾಯಿತು. ಇನ್ನೊಂದನ್ನು ನಾನೇ ಎಸೆದೆ. ಒಂಟಿ ಚಪ್ಪಲಿ ಇಟ್ಟುಕೊಂಡು ಏನು ಮಾಡಲಿ?

ಮೊನ್ನೆ ಶುಕ್ರವಾರದವರೆಗೆ ಹೆರಿಗೆ ವಾರ್ಡಿನ ಹೆಡ್ ಸಿಸ್ಟರ್, ಮೂವತ್ತನಾಲ್ಕು ವರ್ಷದ ಸರ್ವೀಸು. ನಿವೃತ್ತಳಾದ ಮೂರನೇ ದಿನ ಪರದೇಶದ ಕಡಲ ದಡದಲ್ಲಿ ಬರಿಗಾಲಲ್ಲಿ ನಿಂತಿದ್ದೇನೆ, ಆಮೆಗಳ ಸೇವೆಗೆ! ಎಲ್ಲ ನನ್ನ ಹೆಣ್ಣುಮಕ್ಕಳಿಬ್ಬರ ಪಿತೂರಿ. "ಅಮ್ಮ ಮನೇಲಿ ಕೂತ್ರೆ ಅಪ್ಪನ ಬಿ.ಪಿ. ದಿನಕ್ಕೆ ಆರು ಸಲ ನೋಡ್ತಾಳೆ, ನೋಡಿ ನೋಡೀನೇ ಏರಿಸ್ತಾಳೆ" ಎಂದಳು ದೊಡ್ಡವಳು. ಚಿಕ್ಕವಳು ಫಾರಂ ತುಂಬಿಸಿ ಟಿಕೆಟ್ ತೆಗೆದೇಬಿಟ್ಟಳು. ಆರು ವಾರ, ಜುಲೈ ಹದಿನೈದಕ್ಕೆ ವಾಪಸ್.

ಕೋಣೆಯಲ್ಲಿ ಎರಡು ಕಬ್ಬಿಣದ ಮಂಚ, ಒಂದು ಕಿಟಕಿ, ಎಷ್ಟು ಗುಡಿಸಿದರೂ ಹೋಗದ ಮರಳು. ಜೊತೆಗಾತಿ ಬೇರೊಂದು ದೇಶದವಳು, ಲಾರಿ ಓಡಿಸುವ ಹೆಂಗಸು. ಹದಿನೆಂಟು ಚಕ್ರದ ಲಾರಿಯಂತೆ! ನಿದ್ದೆಯಲ್ಲೂ ಗೇರ್ ಬದಲಾಯಿಸುತ್ತಾಳೆ, ಅಂಥ ಗೊರಕೆ. ನಮ್ಮಿಬ್ಬರ ಇಂಗ್ಲಿಷಿಗೂ ಒಂದೊಂದು ಕಾಲು ಕುಂಟು. ಒಬ್ಬರಿಗೊಬ್ಬರು ಹೆಗಲು ಕೊಟ್ಟು ನಡೆಸುತ್ತಿದ್ದೇವೆ.

ಇವರಿಗೆ ಫೋನ್ ಮಾಡಿ ಮಾತ್ರೆ ನೆನಪಿಸಿದೆ: ಬೆಳಿಗ್ಗೆ ಬಿಳಿಯದು, ಊಟದ ಮೇಲೆ ಗುಲಾಬಿಯದು. "ಎರಡು ದಿನಕ್ಕೇ ಮರೆಯೋಕೆ ನನಗೇನು ನೂರು ವರ್ಷ ಆಯ್ತೇನೇ?" ಅಂದರು. ಸಂಜೆ ಇನ್ನೊಮ್ಮೆ ಮಾಡಿ ಬಿಳಿಯದೋ ಗುಲಾಬಿಯದೋ ಎಂದು ಪರೀಕ್ಷಿಸಿದೆ. ಪಾಸಾದರು.

ಜೂನ್ 5, ಬುಧವಾರ

ಇಲ್ಲಿಯ ಮುಖ್ಯಸ್ಥೆ ನನಗಿಂತ ಐದಾರು ವರ್ಷ ದೊಡ್ಡವರು. ಕತ್ತಿನಲ್ಲಿ ಸದಾ ಒಂದು ಸಿಳ್ಳೆ. ಯಾರಾದರೂ ಕೇಳದೆ ಏನನ್ನಾದರೂ ಮುಟ್ಟಿದರೆ 'ಪೀ' ಎಂದು ಊದುತ್ತಾರೆ. ಇವತ್ತು ಹದಿನಾಲ್ಕು ಸಲ ಊದಿದರು. ಅದರಲ್ಲಿ ಹನ್ನೊಂದು ನನ್ನ ಪಾಲು. ನಾನು ಅವರಿಗೆ ಸಿಳ್ಳೆಯಮ್ಮ ಎಂದು ಹೆಸರಿಟ್ಟಿದ್ದೇನೆ. ಅವರು ನನ್ನನ್ನು 'ಸಿಸ್ಟರ್' ಅನ್ನುತ್ತಾರೆ, ಹೇಗೋ ಹಳೆಯ ಹೆಸರೇ ದಕ್ಕಿತು.

"ಸಿಸ್ಟರ್, ಇಲ್ಲಿ ಅರ್ಧ ಕೆಲಸ ಕೈ ಕಟ್ಟಿ ನಿಲ್ಲೋದು" ಅಂದರು.

ಕೈ ಕಟ್ಟಿ ನಿಲ್ಲುವುದೇ! ಹೆರಿಗೆ ವಾರ್ಡಿನಲ್ಲಿ ಹಾಗೆ ನಿಂತವರನ್ನು ನಾನು ಹೊರಗೆ ಅಟ್ಟುತ್ತಿದ್ದೆ.

ದಡದಲ್ಲಿ ಬೇಲಿ ಹಾಕಿದ ಒಂದು ಮರಳಿನಂಗಳವಿದೆ, ಅದಕ್ಕೆ ಹ್ಯಾಚರಿ ಎನ್ನುತ್ತಾರೆ. ಅಲೆ ಬಂದು ಕೊಚ್ಚಿಹೋಗುವಂಥ ಜಾಗದಲ್ಲಿ ಆಮೆ ಮೊಟ್ಟೆಯಿಟ್ಟರೆ ಅವನ್ನು ಬೆಳಗಾಗುತ್ತಲೇ ತಂದು ಇಲ್ಲಿ ಹೊಸ ಗುಂಡಿಯಲ್ಲಿ ಹೂಳುತ್ತಾರೆ. ಪ್ರತಿ ಗುಂಡಿಗೂ ಒಂದು ನಂಬರ್ ಹಲಗೆ, ಹಾಸಿಗೆ ನಂಬರ್ ಇದ್ದಂತೆ. ಸಾಲುಸಾಲು ಹಾಸಿಗೆ, ಆದರೆ ಒಬ್ಬಳೇ ಒಬ್ಬ ತಾಯಿ ಇಲ್ಲ! ಹೆತ್ತವಳು ಮೊಟ್ಟೆಯ ಮೇಲೆ ಮರಳೆಳೆದು ಹಿಂದಿರುಗಿಯೂ ನೋಡದೆ ಸಮುದ್ರಕ್ಕೆ ಇಳಿಯುತ್ತಾಳಂತೆ. ಡಿಸ್ಚಾರ್ಜ್ ಚೀಟಿಯೂ ಬೇಡ, ಬಾಣಂತನವೂ ಬೇಡ. ಪುಣ್ಯವಂತೆ.

ಜೂನ್ 8, ಶನಿವಾರ

ಇವತ್ತು ನನ್ನ ಕೈಗೆ ಒಂದು ಕೇಸು ಬಂತು! ಹದಿನೇಳನೇ ಗೂಡು, ನೂರಾ ಹನ್ನೆರಡು ಮೊಟ್ಟೆ.

ಬೆಳಿಗ್ಗೆ ಆರಕ್ಕೆ ಸಿಳ್ಳೆಯಮ್ಮ ದಡದಲ್ಲಿ ಅಗೆದು, ಪ್ರತಿ ಮೊಟ್ಟೆಯ ನೆತ್ತಿಗೆ ಪೆನ್ಸಿಲಿನಲ್ಲಿ ಒಂದು ಗೀಟು ಎಳೆದು, ಬಕೆಟ್ಟಿನಲ್ಲಿ ಜೋಡಿಸಿ ತಂದರು. "ಗುಂಡಿ ತೋಡಿದ್ದಾಗಿದೆ. ಒಂದೊಂದಾಗಿ ಇಡಿ, ಗೀಟು ಮೇಲಕ್ಕಿರಲಿ" ಎಂದು ಹೇಳಿ ಎರಡನೇ ಬಕೆಟ್ಟಿಗೆ ಹೋದರು. ಲಾರಿ ಅವರ ಹಿಂದೆ ಹೋದಳು. (ಲಾರಿಯವಳು ಎಂದು ಉದ್ದಕ್ಕೆ ಬರೆಯಲು ಬೇಸರ. ಲಾರಿ ಸಾಕು.)

ಮೊಟ್ಟೆ ನೋಡಿದೆ. ದುಂಡಗೆ, ಬೆಳ್ಳಗೆ, ಮೈತುಂಬ ಲೋಳೆ, ಲೋಳೆಗೆ ಮೆತ್ತಿದ ಮರಳು. ಕೂಸಿನ ಮೈ ಒರೆಸದೆ ತೊಟ್ಟಿಲಿಗೆ ಹಾಕುವುದುಂಟೆ? ಕಿಸೆಯಲ್ಲಿ ಹತ್ತಿಬಟ್ಟೆ ಇದ್ದೇ ಇತ್ತು. ನೀರಲ್ಲಿ ಅದ್ದಿ ಒಂದೊಂದನ್ನೂ ತಿರುಗಿಸಿ ತಿರುಗಿಸಿ ಒರೆಸಿ ಟವೆಲಿನ ಮೇಲೆ ಸಾಲಾಗಿಟ್ಟೆ. ಎಂಥ ಹೊಳಪು! ನಲವತ್ತೆರಡನೆಯದನ್ನು ಎತ್ತುವಾಗ ಬಟ್ಟೆಯ ಮೇಲೆ ಕಪ್ಪು ಕಪ್ಪು ಕಂಡಿತು. ಟವೆಲಿನ ಕಡೆ ನೋಡಿದರೆ ನಲವತ್ತೊಂದು ಮೊಟ್ಟೆಗಳ ಬೋಳು ನೆತ್ತಿ. ಯಾವುದು ನೆತ್ತಿ, ಯಾವುದು ತಳ ದೇವರೇ ಬಲ್ಲ.

ಕಿವಿಯ ಹಿಂದೆ ನನ್ನದೇ ಪೆನ್ಸಿಲಿತ್ತು. ಎಳೆದೆ. ನಲವತ್ತೊಂದು ಗೀಟು, ಅಂದಾಜಿಗೆ. ಸಿಳ್ಳೆಯಮ್ಮ ಬರುವ ಹೊತ್ತಿಗೆ ಎಲ್ಲ ಗುಂಡಿಯಲ್ಲಿ ಒಪ್ಪವಾಗಿ ಕೂತಿದ್ದವು. ಬಗ್ಗಿ ನೋಡಿ ಫೋಟೋ ತೆಗೆದುಕೊಂಡು "ಇಷ್ಟು ನೀಟಾಗಿ ಯಾರೂ ಇಟ್ಟಿಲ್ಲ" ಅಂದರು. ಸಿಳ್ಳೆ ಊದಲೇ ಇಲ್ಲ!

ಒಂದು ಗೀಟಿಗೆ ಇವರೆಲ್ಲ ಯಾಕಿಷ್ಟು ತಲೆ ಕೆಡಿಸಿಕೊಳ್ಳುತ್ತಾರೋ. ಲೆಕ್ಕಕ್ಕೆ ಇರಬೇಕು.

ಜೂನ್ 10, ಸೋಮವಾರ

ಲೆಕ್ಕಕ್ಕಲ್ಲ.

ಮೊಟ್ಟೆ ಇಟ್ಟ ಕೆಲವೇ ಗಂಟೆಗಳಲ್ಲಿ ಒಳಗಿನ ಜೀವ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದಂತೆ. ಆಮೇಲೆ ಮೊಟ್ಟೆಯನ್ನು ತಿರುಗಿಸಿದರೆ ಅದು ಹರಿದು ಒಳಗೇ ಸಾಯುತ್ತದೆ. ಸಿಳ್ಳೆಯಮ್ಮ ಹೊಸದಾಗಿ ಬಂದ ಗುಂಪಿಗೆ ಪಾಠ ಹೇಳುತ್ತಿದ್ದರು, ನಾನು ಹಿಂದೆ ನಿಂತು ಬಕೆಟ್ ಒಣಗಿಸುತ್ತಿದ್ದೆ.

ನಲವತ್ತೊಂದು.

ಜೂನ್ 14, ಶುಕ್ರವಾರ

ಇವತ್ತು ಮರಳಿನ ಮೇಲೆ ಬಿದ್ದು ಬಿದ್ದು ನಕ್ಕೆ. ಹೀಗೆ ನಕ್ಕು ಎಷ್ಟು ವರ್ಷವಾಗಿತ್ತೋ.

ಆಮೆಮರಿ ಗಂಡಾಗುವುದೋ ಹೆಣ್ಣಾಗುವುದೋ ಮರಳಿನ ಬಿಸಿಯ ಮೇಲೆ ಹೋಗುತ್ತದಂತೆ. ಬಿಸಿ ಮರಳಿಗೆ ಹೆಣ್ಣು, ತಂಪು ಮರಳಿಗೆ ಗಂಡು. ಈಚೀಚೆಗೆ ಬಿಸಿಲು ಹೆಚ್ಚಾಗಿ ಈ ದಡದಲ್ಲಿ ಹುಟ್ಟುವುದೆಲ್ಲ ಬಹುಪಾಲು ಹೆಣ್ಣೇ. ಹೀಗೇ ಹೋದರೆ ಅವುಗಳಿಗೆ ಮುಂದೆ ಜೋಡಿಯೇ ಸಿಗುವುದಿಲ್ಲ. ಅದಕ್ಕೇ ಗೂಡುಗಳ ಮೇಲೆ ನೆರಳುಬಲೆ, ಅದಕ್ಕೇ ಬೆಳಿಗ್ಗೆ ಸಂಜೆ ನೀರು ಚಿಮುಕಿಸುವುದು. ಸಿಳ್ಳೆಯಮ್ಮ ಸೊಂಟದ ಮೇಲೆ ಕೈಯಿಟ್ಟು, ಬಲು ಗಂಭೀರವಾಗಿ, "ನಮಗೆ ಗಂಡು ಬೇಕು, ಸಿಸ್ಟರ್" ಅಂದರು.

ಅಷ್ಟೇ. ನಾನು ಕುಸಿದೆ.

ಮೂವತ್ತನಾಲ್ಕು ವರ್ಷ ವಾರ್ಡಿನ ಬಾಗಿಲು ತೆರೆದು ಹೊರಗೆ ನಿಂತವರ ಮುಖ ನೋಡಿದವಳು ನಾನು. ಹೆಣ್ಣಾದರೆ ಮೊದಲು ತೂಕ ಹೇಳುತ್ತಿದ್ದೆ, ಆಮೇಲೆ ಅಳು ಎಷ್ಟು ಗಟ್ಟಿಯಾಗಿದೆ ಎಂದು, ಕೊನೆಗೆ, ಹೋಗುತ್ತ ಹೋಗುತ್ತ, ಉಳಿದದ್ದು. ಆ ರಾಗ ಇನ್ನು ಕೇಳಬೇಕಿಲ್ಲ ಎಂದುಕೊಂಡು ಇಷ್ಟು ದೂರ ಬಂದರೆ ಇಲ್ಲೂ ಗಂಡೇ ಬೇಕಂತೆ! ಅದೂ ಇಷ್ಟು ಸುಲಭದಲ್ಲಿ! ಇದು ನಮ್ಮ ಕಡೆಯವರಿಗೆ ಗೊತ್ತಾದರೆ ಎಷ್ಟು ಅತ್ತೆಯರು ಸೊಸೆಯನ್ನು ಒಂಬತ್ತು ತಿಂಗಳು ಫ್ರಿಜ್ಜಿನ ಪಕ್ಕದಲ್ಲಿ ಕೂರಿಸುತ್ತಿದ್ದರೋ. ಲಾರಿಗೆ ಇದನ್ನು ಕೈಸನ್ನೆಯಲ್ಲಿ ವಿವರಿಸಿದೆ. ಅವಳಿಗೆ ಅರ್ಥವಾಗಲು ಹತ್ತು ನಿಮಿಷ ಹಿಡಿಯಿತು. ಆಮೇಲೆ ಅವಳ ನಗು ನಿಲ್ಲಿಸಲು ಅರ್ಧ ಗಂಟೆ.

ಗೂಡುಗಳಿಗೆ ನೀರು ಚಿಮುಕಿಸುತ್ತ ಹದಿನೇಳರ ಹತ್ತಿರ ಬಂದಾಗ ನಗು ಇಳಿಯಿತು. ಗಂಡೋ ಹೆಣ್ಣೋ, ಒಳಗಿರುವುದು ಬದುಕಿದ್ದರೆ ತಾನೆ.

ಜೂನ್ 22, ಶನಿವಾರ

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಿಳ್ಳೆಯಮ್ಮ "ಪೆನ್ಸಿಲ್ ಎಲ್ಲಿ?" ಎಂದು ಯಾರನ್ನೋ ಕೇಳಿದರೆ ನನ್ನ ಕೈ ಕಿವಿಗೆ ಹೋಗುತ್ತದೆ.

ಇವರ ಫೋನು ಬಂತು. ಎರಡು ದಿನ ನಾನು ಮಾಡಿರಲಿಲ್ಲವಂತೆ. ಮಾತ್ರೆ ಕೇಳುವುದನ್ನೇ ಮರೆತೆ, ಅವರೇ "ಗುಲಾಬಿದು ತಗೊಂಡೆ" ಎಂದು ಒಪ್ಪಿಸಿದರು.

ಜೂನ್ 27, ಗುರುವಾರ

ಹೇಳಿಬಿಟ್ಟೆ!

ಊಟದ ಹಾಲಿನ ಗೋಡೆಗೆ ಸಿಳ್ಳೆಯಮ್ಮ ಒಂದು ದೊಡ್ಡ ಫೋಟೋ ಅಂಟಿಸುತ್ತಿದ್ದರು. ನೋಡಿದರೆ ನನ್ನದೇ ಹದಿನೇಳನೇ ಗೂಡು, ನನ್ನದೇ ಕಳ್ಳ ಗೀಟುಗಳು. ಕೆಳಗೆ "ಮೊಟ್ಟೆ ಹೀಗಿಡಬೇಕು" ಎಂದು ಬರೆದಿದ್ದರು. ವಾರ್ಡಿನಲ್ಲಿ ಹೊಸ ಹುಡುಗಿಯರಿಗೆ ನಾನು ಹೇಳುತ್ತಿದ್ದ ಮೊದಲ ಮಾತೇ "ತಪ್ಪು ಮಾಡಿ, ಮುಚ್ಚಿಡಬೇಡಿ" ಎಂದು. ಎಷ್ಟು ಜನರನ್ನು ಅಳಿಸಿದ್ದೇನೆ ಆ ಮಾತಿನಿಂದ!

ತಟ್ಟೆ ಬಿಟ್ಟು ಎದ್ದು ಹೋಗಿ ಹೇಳಿದೆ. ಒರೆಸಿದ್ದು, ತಿರುಗಿಸಿದ್ದು, ಅಂದಾಜಿನ ಗೀಟು, ನಲವತ್ತೊಂದು, ಎಲ್ಲ ಒಂದೇ ಉಸಿರಿಗೆ.

ಸಿಳ್ಳೆಯಮ್ಮ ಗೋಡೆಯಿಂದ ಫೋಟೋ ಬಿಡಿಸಿ ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು.

"ಅಗೆದು ನೋಡೋಣ್ವಾ?" ಎಂದು ಕೇಳಿದೆ.

"ಈಗ ಮುಟ್ಟಿದ್ರೆ ಉಳಿದಿರೋವೂ ಹೋಗ್ತವೆ. ತಾನಾಗಿ ಏನಾಗುತ್ತೋ ನೋಡ್ಬೇಕು."

"ಮತ್ತೆ ನಾನೇನು ಮಾಡ್ಲಿ?"

"ನಿಮ್ಮ ವಾರ್ಡಲ್ಲಿ ಯಾರಾದ್ರೂ ಹೀಗೆ ಮಾಡಿ ಮುಚ್ಚಿಟ್ಟಿದ್ರೆ ನೀವೇನು ಮಾಡ್ತಿದ್ರಿ?"

"ಡ್ಯೂಟಿಯಿಂದ ತೆಗೀತಿದ್ದೆ."

"ಎಷ್ಟು ದಿನ?"

"ಹತ್ತು ದಿನ" ಎಂದು ಬಾಯಿಗೆ ಬಂದ ನಿಜವನ್ನೇ ಹೇಳಿಬಿಟ್ಟೆ.

"ಆಯ್ತು. ನಾಳೆಯಿಂದ ಹತ್ತು ದಿನ ಹ್ಯಾಚರಿ ಕಡೆ ಕಾಲಿಡಬೇಡಿ. ಬಕೆಟ್ ತೊಳೀರಿ."

ಮೂರು ದಿನ ಅನ್ನಬಹುದಿತ್ತು. ಮಾಡಿದ್ದುಣ್ಣೋ ಮಹರಾಯ! ಆದರೂ ಎಷ್ಟು ಹಗುರ, ಎಷ್ಟು ಹಗುರ. ಕೋಣೆಗೆ ಬಂದು ಲಾರಿಯನ್ನು ತಬ್ಬಿಕೊಂಡೆ. ಅವಳು ಯಾಕೆಂದು ಕೇಳದೆ ತಿರುಗಿ ತಬ್ಬಿಕೊಂಡಳು. ಪಕ್ಕೆಲುಬು ಇನ್ನೂ ನೋಯುತ್ತಿದೆ.

ಜುಲೈ 2, ಮಂಗಳವಾರ

ಬಕೆಟ್ 64.

ಜುಲೈ 5, ಶುಕ್ರವಾರ

ಬಕೆಟ್ಟಿನ ತಳ ಉಜ್ಜಲು ತೆಂಗಿನ ನಾರೇ ಸರಿ. ಬ್ರಷ್ಷಿಗೆ ಮೂಲೆಯ ಮರಳು ಬಿಡುವುದಿಲ್ಲ. ಸಿಳ್ಳೆಯಮ್ಮ ನೋಡಿ ಹೋದರು. ನಾಳೆಯಿಂದ ಎಲ್ಲರ ಕೈಗೂ ನಾರು ಬರುತ್ತದೆ ನೋಡುತ್ತಿರಿ. (ನೋಡುತ್ತಿರಿ ಎಂದು ಯಾರಿಗೆ ಹೇಳುತ್ತಿದ್ದೇನೆ? ನಾನೊಬ್ಬಳೇ ಓದುವುದು. ತಲೆ ಕೆಟ್ಟಿದೆ, ಬಿಸಿಲಿಗೆ.)

ಜುಲೈ 8, ಸೋಮವಾರ

ಶಿಕ್ಷೆ ಮುಗಿಯಿತು. ಬೆಳಿಗ್ಗೆ ಓಡಿಹೋಗಿ ಹದಿನೇಳರ ಎದುರು ಕೂತೆ. ಮರಳು ಸುಮ್ಮನಿದೆ. ಸುಮ್ಮನಿರದೆ ಕುಣಿಯುತ್ತದೆಯೇ?

ಮರಿ ಹೊರಬರಲು ಐವತ್ತು ದಿನ, ಒಂದೆರಡು ಹೆಚ್ಚು ಕಡಿಮೆ. ಬೆರಳು ಮಡಚಿ ಎಣಿಸಿದೆ: ಜುಲೈ ಕೊನೆ. ನನ್ನ ಟಿಕೆಟ್ ಜುಲೈ ಹದಿನೈದಕ್ಕೆ.

ಇವರಿಗೆ ಫೋನ್ ಮಾಡಿದೆ.

"ರೀ, ಇನ್ನೊಂದು ಮೂರು ವಾರ ಇರ್ತೀನಿ."

"ಯಾಕೆ, ಹುಷಾರಿಲ್ವಾ?"

"ಹುಷಾರಾಗಿದೀನಿ. ಒಂದು ಹೆರಿಗೆ ಇದೆ."

"ಆಮೇದಾ?"

"ಇನ್ಯಾರದು ಇರುತ್ತೆ ಇಲ್ಲಿ?"

"ಸರಿ, ಹಾಗಾದ್ರೆ ಕುಕ್ಕರಿಗೆ ಎಷ್ಟು ಕೂಗು ಅಂತ ಹೇಳಿಬಿಡು" ಅಂದರು. ಮೂರು ಅಂದೆ. ಇಷ್ಟು ದಿನ ಎಷ್ಟು ಕೂಗಿಸುತ್ತಿದ್ದರು ಎಂದು ಕೇಳಲು ಧೈರ್ಯ ಬರಲಿಲ್ಲ. ಚಿಕ್ಕವಳು ಟಿಕೆಟ್ ಮುಂದೂಡಿದಳು. ಸಿಳ್ಳೆಯಮ್ಮನಿಗೆ ಹೇಳಿದರೆ "ಬಹುಶಃ ಏನೂ ಬರದೇ ಇರಬಹುದು, ಗೊತ್ತಲ್ಲ?" ಅಂದರು. ಗೊತ್ತು ಅಂದೆ. ಗೊತ್ತಿದ್ದೂ ಸಂತೆಗೆ ಹೊರಟವಳ ಹಾಗೆ ಖುಷಿಯಾಗಿದ್ದೇನೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂದರೆ ಇದೇ.

ಜುಲೈ 20, ಶನಿವಾರ

ಎಂಥ ಬಿಸಿಲು! ಮರಳಿಗೆ ಚುಚ್ಚಿದ ಥರ್ಮಾಮೀಟರ್ ಏರುತ್ತಲೇ ಇದೆ. ಇನ್ನು ಎರಡು ಡಿಗ್ರಿ ಏರಿದರೆ ಗಂಡೂ ಇಲ್ಲ, ಹೆಣ್ಣೂ ಇಲ್ಲ, ಬೇಯಿಸಿದ ಮೊಟ್ಟೆ. ಬೆಳಿಗ್ಗೆಯಿಂದ ನಾನೂ ಲಾರಿಯೂ ನೆರಳುಬಲೆಯ ಮೇಲೆ ಎರಡನೇ ಬಲೆ ಕಟ್ಟಿದೆವು. ಅವಳ ಗಂಟು ಲಾರಿಯ ಟಾರ್ಪಾಲಿಗೆ ಹಾಕುವ ಗಂಟು, ನನ್ನದು ಹೊಕ್ಕಳುಬಳ್ಳಿಗೆ ಹಾಕುವ ಗಂಟು. ಗಾಳಿ ಬೀಸಿದಾಗ ಅವಳದು ಒಂದು ಬಿಚ್ಚಿತು. ನನ್ನದು ಒಂದೂ ಇಲ್ಲ. ಊರಿಡೀ ಹೇಳಿಕೊಂಡು ಬಂದೆ.

ಹದಿನೇಳಕ್ಕೆ ಒಂದು ಚೆಂಬು ನೀರು ಹೆಚ್ಚು ಹಾಕೋಣ ಅನಿಸಿತು. ಚೆಂಬು ಎತ್ತಿದೆ. ಇಳಿಸಿದೆ. ಎಲ್ಲಕ್ಕೂ ಎಷ್ಟೋ ಅದಕ್ಕೂ ಅಷ್ಟೇ.

ಜುಲೈ 29, ಸೋಮವಾರ

ಹದಿನೇಳರ ಮೇಲಿನ ಮರಳು ಅಂಗೈಯಷ್ಟು ಕುಸಿದಿದೆ! ಒಳಗೆ ಯಾರೋ ಮಿಸುಕಾಡಿದ್ದಾರೆ ಎಂದು ಅರ್ಥವಂತೆ. ಒಬ್ಬರೋ ನೂರು ಜನರೋ ತಿಳಿಯದು. ಸಿಳ್ಳೆಯಮ್ಮ ಮೊಣಕಾಲೂರಿ ನೋಡಿದರು. ಸಿಳ್ಳೆ ಬಿಚ್ಚಿ ಪಕ್ಕಕ್ಕಿಟ್ಟರು.

ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ.

ಜುಲೈ 30, ಮಂಗಳವಾರ

ಬಂದವು! ಬಂದವು! ಬಂದವು!

ಬೆಳಿಗ್ಗೆ ಐದೂವರೆ, ಮೋಡ. ಮೊದಲು ಒಂದು ಮೂಗು. ಆಮೇಲೆ ಒಂದು ರೆಕ್ಕೆಗಾಲು. ಆಮೇಲೆ ಹಾಲು ಉಕ್ಕಿದ ಹಾಗೆ ಮರಳು ಉಕ್ಕಿ, ಒಂದರ ತಲೆಯ ಮೇಲೆ ಒಂದು, ಒಂದರ ಬೆನ್ನ ಮೇಲೆ ಒಂದು. ಕಪ್ಪು ಕಪ್ಪು, ಅಂಗೈಯಲ್ಲಿ ಹಿಡಿಯುವಷ್ಟು, ಮುಖ ಮುದುಕರ ಮುಖ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನಾನು ಹೆರಲೂ ಇಲ್ಲ, ಆದರೂ ಇಂಥ ಚೆಲುವರನ್ನು ಕಂಡಿಲ್ಲ!

ಎರಡು ಸಾಲಾಗಿ ನಿಂತು ಹಕ್ಕಿ, ಏಡಿ ಹತ್ತಿರ ಬರದಂತೆ ಕಾದೆವು. ಮುಟ್ಟುವಂತಿಲ್ಲ, ಸಮುದ್ರದವರೆಗೆ ತಾವೇ ನಡೆಯಬೇಕು. ನಾನು ಮರಳಲ್ಲಿ ಕೂತು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಒಂದು ಮರಿ ನನ್ನ ಎದುರಿಗೇ ಅಂಗಾತ ಬಿತ್ತು. ಕಾಲು ಬಡಿಯಿತು, ನಿಂತಿತು, ಮತ್ತೆ ಬಡಿಯಿತು. ಈ ಕೈಗಳು ಎಷ್ಟು ಸಾವಿರ ಕೂಸುಗಳನ್ನು ತಿರುಗಿಸಿವೆ! ತೊಡೆಯ ಕೆಳಗೆ ಬೆರಳು ಜೋಮು ಹಿಡಿಯಿತು. "ಏಳು, ಏಳು ಪುಟ್ಟ, ನೀನೇ ಏಳು" ಎಂದು ಕೂಗುತ್ತಿದ್ದೆನಂತೆ, ಲಾರಿ ಹೇಳಿದಳು. ಅದು ಎದ್ದಿತು. ನನ್ನ ಕಡೆ ನೋಡದೆ ಹೋಯಿತು. ಅಲೆ ಬಂತು, ಮರಿ ಇರಲಿಲ್ಲ.

ನಾನು ಸಿಳ್ಳೆಯಮ್ಮನ ಸಿಳ್ಳೆ ತೆಗೆದುಕೊಂಡು ಊದಿದೆ. ಕೇಳದೆ ಮುಟ್ಟಿದ್ದಕ್ಕೆ ಅವರು ಬೈಯಲಿಲ್ಲ.

ಆಗಸ್ಟ್ 2, ಶುಕ್ರವಾರ

ಮರಿಗಳು ಹೋಗಿ ಮೂರು ದಿನದ ಮೇಲೆ ಗೂಡನ್ನು ಅಗೆದು ಉಳಿದದ್ದನ್ನು ಎಣಿಸುವುದು ಇಲ್ಲಿಯ ಪದ್ಧತಿ. ಇವತ್ತು ಹದಿನೇಳನ್ನು ಅಗೆದೆವು. ಒಡೆದ ಚಿಪ್ಪು ಎಪ್ಪತ್ತೊಂಬತ್ತು. ಒಡೆಯದ ಮೊಟ್ಟೆ ಮೂವತ್ತಮೂರು.

ಆ ಮೂವತ್ತಮೂರನ್ನೂ ಸಿಳ್ಳೆಯಮ್ಮ ಒಂದೊಂದಾಗಿ ಬಿಡಿಸಿ ನೋಡಿದರು. ನಾನು ಪಕ್ಕದಲ್ಲೇ ಕೂತಿದ್ದೆ, ಮುಖ ತಿರುಗಿಸಲಿಲ್ಲ. ಕೆಲವು ಬರಿ ನೀರು. ಕೆಲವರಿಗೆ ಕಣ್ಣು ಮೂಡಿತ್ತು. ಅತ್ತೆ. ಯಾವ ಗೂಡಿನಲ್ಲಾದರೂ ಹತ್ತು ಹದಿನೈದು ಹೀಗೆ ಉಳಿಯುತ್ತವಂತೆ. "ಮೂವತ್ತಮೂರು ಜಾಸ್ತಿ" ಎಂದರು, ಸಮಾಧಾನಕ್ಕೆ ಸುಳ್ಳು ಹೇಳಲಿಲ್ಲ. ಆಮೇಲೆ ರಿಜಿಸ್ಟರನ್ನು ನನ್ನ ಕಡೆ ತಳ್ಳಿದರು. ಕಾರಣ ಎಂಬ ಕಾಲಮಿನಲ್ಲಿ ಬರೆದೆ: ನಲವತ್ತೊಂದು ಮೊಟ್ಟೆಯ ಗುರುತು ಅಳಿಸಿ ತಿರುಗಿಸಿದ್ದು ನಾನು. ಕೆಳಗೆ ರುಜು ಹಾಕಿದೆ.

ಕಣ್ಣು ಒರೆಸಿಕೊಂಡು ದಡಕ್ಕೆ ಬಂದರೆ ಯಾವುದೋ ಹುಚ್ಚು ಖುಷಿ. ಎಪ್ಪತ್ತೊಂಬತ್ತು! ನೀರಿಗಿಳಿದು ಮಂಡಿಯವರೆಗೆ ನಿಂತೆ. ಆಗ ಇವರ ಫೋನು.

"ಎಷ್ಟು ಹುಟ್ಟಿದ್ವು?"

"ಎಪ್ಪತ್ತೊಂಬತ್ತು ಕಣ್ರೀ!"

"ಭೇಷ್! ಗಂಡೆಷ್ಟು, ಹೆಣ್ಣೆಷ್ಟು?"

ಹೊರಗಿನಿಂದ ನೋಡಿದರೆ ಯಾರಿಗೂ ತಿಳಿಯುವುದಿಲ್ಲ ಎಂದೆ. ಬೆಳೆದು ದೊಡ್ಡವಾಗಲು ಇಪ್ಪತ್ತು ವರ್ಷವಾದರೂ ಬೇಕು, ಅಲ್ಲಿಯವರೆಗೆ ಸಿಳ್ಳೆಯಮ್ಮನಿಗೂ ಗೊತ್ತಿಲ್ಲ, ಸಮುದ್ರಕ್ಕೂ ಗೊತ್ತಿಲ್ಲ.

"ಹಾಗಾದ್ರೆ ಪಕ್ಕದ ಮನೆಯವರು ಕೇಳಿದ್ರೆ ಏನಂತ ಹೇಳ್ಲಿ?"

ನಮ್ಮ ಚಿಕ್ಕವಳು ಹುಟ್ಟಿದ್ದು ನನ್ನದೇ ವಾರ್ಡಿನಲ್ಲಿ. ಬಾಗಿಲಾಚೆ ಇವರು "ಏನಾಯ್ತು?" ಎಂದು ಕೇಳಿದ್ದು ನನಗೆ ಒಳಗೆ ಕೇಳಿಸಿತ್ತು. ಉತ್ತರ ಸಿಕ್ಕ ಮೇಲೆ ಏನೂ ಕೇಳಿಸಲಿಲ್ಲ. ಒಳಗೆ ಬಂದು ಮಗುವಿನ ಮುಖ ನೋಡಲು ಒಂದು ಗಂಟೆ ತೆಗೆದುಕೊಂಡರು. ಇಪ್ಪತ್ತಾರು ವರ್ಷ ನಾನು ಈ ಮಾತೆತ್ತಿಲ್ಲ.

"ಹುಟ್ಟಿದ್ವು ಅಂತ ಹೇಳಿ" ಅಂದೆ.

"ಅಷ್ಟೇನಾ?"

"ಅಷ್ಟೇ. ಅಷ್ಟು ಹೇಳೋಕೆ ಒಂದು ಗಂಟೆ ತಗೋಬೇಡಿ."

ಫೋನ್ ಕಟ್ಟಾಯಿತು. ಎಂದೂ ಹಾಗೆ ಇಡುವವರಲ್ಲ. ಹೇಳಬಾರದಿತ್ತೋ ಏನೋ ಎಂದು ನೀರಲ್ಲಿ ನಿಂತೇ ಇದ್ದೆ. ಹತ್ತು ನಿಮಿಷಕ್ಕೆ ಮತ್ತೆ ಫೋನು, ಈ ಸಲ ಚಿಕ್ಕವಳು.

"ಅಮ್ಮಾ, ಅಪ್ಪ ಫೋನ್ ಮಾಡಿದ್ರು. ನೀನು ಹುಟ್ಟಿದ್ದು ತುಂಬ ಒಳ್ಳೇದಾಯ್ತು ಮಗಳೇ ಅಂತಾರೆ, ಅಳ್ತಾರೆ, ಮತ್ತೆ ಅದನ್ನೇ ಅಂತಾರೆ. ಏನಾಗಿದೆ ಅವರಿಗೆ?"

"ಏನೂ ಆಗಿಲ್ಲ ಕಣೇ. ಸ್ವಲ್ಪ ತಡ ಆಗಿದೆ, ಅಷ್ಟೆ."